ಎರಡನೇ ಹಿಡಿ ಉಪ್ಪು

ಫೆಬ್ರವರಿ ೯

ನನ್ನ ಮುದ್ದಿನ ಕಪ್ಪೆಮರಿಗೆ,

ಅಕ್ಕನ ಆಶೀರ್ವಾದಗಳು. ನಾನು, ನಿನ್ನ ಭಾವ, ಮನೆಗೆ ಹೊಸದಾಗಿ ಬಂದಿರುವ ಮೀನು, ಮೂವರೂ ಆರೋಗ್ಯವಾಗಿದ್ದೇವೆ. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲವೆಂದು ಅಲ್ಲಿ ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಹೊಟ್ಟೆಗೆ ಹಾಕಿಕೋ. ಒಂದು ಶಾಲೆಯ ಸಮವಸ್ತ್ರಗಳ ಅಂಚು ಬಿಚ್ಚಿ ಉದ್ದ ಮಾಡುವ ಕೆಲಸ ಬಂದಿತ್ತು. ಮಕ್ಕಳು ಬೆಳೆದ ಹಾಗೆ ಬಟ್ಟೆಯೂ ಬೆಳೆಯುವಂತಿದ್ದರೆ ನನ್ನಂಥ ದರ್ಜಿಯ ಹೊಟ್ಟೆಪಾಡು ಏನಾಗುತ್ತಿತ್ತು ಹೇಳು. ಫೋನು ಮಾಡಬಹುದಿತ್ತು ಅಂತೀಯ. ನಿನ್ನ ಗಿಡದ ಶೆಡ್ಡಿನಲ್ಲಿ ಸಿಗ್ನಲ್ ಸಿಗುವುದಿಲ್ಲ, ಸಿಕ್ಕರೂ ಇಲ್ಲಿ ನಿನ್ನ ಭಾವ ಪಕ್ಕದಲ್ಲೇ ಕೂತು "ಏನಂತೆ? ಏನಂತೆ?" ಅಂತ ಕೇಳುತ್ತಿರುತ್ತಾರೆ. ನನಗೆ ಕಾಗದವೇ ಸುಖ.

ಪಾರ್ಸೆಲ್ ಬಂತು. ಒದ್ದೆ ಪೇಪರಿನಲ್ಲಿ ಸುತ್ತಿದ ಗಿಡಗಳನ್ನು ಹೊಲಿಗೆ ಮಿಷನ್ನಿನ ಮೇಲೆಯೇ ಬಿಚ್ಚಿದೆ. ಜರಿಗಿಡಗಳು ಒಂದು ಎಲೆಯೂ ಮುರಿಯದೆ ಬಂದಿವೆ. ರಿಬ್ಬನ್ ಹುಲ್ಲು ಸ್ವಲ್ಪ ಬಾಡಿತ್ತು, ನೀರಿಗೆ ಬಿಟ್ಟ ಮೇಲೆ ಜೀವ ಬಂತು. ಅಳಿವೆಯ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡದ, ಪೆನ್ಸಿಲ್ಲಿನಷ್ಟು ಉದ್ದದ ಆ ಮೊಳಕೆ ನೋಡಿ ನಿನ್ನ ಭಾವ "ಇದೇನು, ನಿನ್ನ ತಂಗಿ ಒಣಗಿದ ಬೀನ್ಸ್ ಕಳ್ಸಿದಾಳೆ?" ಅಂದರು.

ತೊಟ್ಟಿಯ ಕಥೆ ನಿನಗೆ ಅರ್ಧ ಮಾತ್ರ ಹೇಳಿದ್ದೆ. ನಿನ್ನ ಭಾವ ಮೂವತ್ತು ವರ್ಷ ಅಡುಗೆ ಮಾಡಿದ ಹೋಟೆಲನ್ನು ಅದರ ಮಾಲೀಕರು ಮುಚ್ಚಿ ಮಾರಿದರಲ್ಲ, ಹೊಸ ಮಾಲೀಕರಿಗೆ ಮುಂಬಾಗಿಲ ಹತ್ತಿರವಿದ್ದ ಈ ಗಾಜಿನ ತೊಟ್ಟಿ ಬೇಡವಾಯಿತಂತೆ. ಆ ಜಾಗದಲ್ಲಿ ಟಿವಿ ಇಡಬೇಕಂತೆ. ಉಳಿದ ಅಡುಗೆಯವರು ಪಾತ್ರೆ ಪಡಗ ಹಂಚಿಕೊಂಡರೆ ನಮ್ಮವರು ತೊಟ್ಟಿಯನ್ನೂ ಅದರೊಳಗಿದ್ದ ಗುಂಡು ಮೀನನ್ನೂ ಕೈಗಾಡಿಯಲ್ಲಿ ಹೇರಿಕೊಂಡು ಮನೆಗೆ ಬಂದರು. ಯಾರಾದರೂ ಹತ್ತಿರ ಹೋದರೆ ಹೊಟ್ಟೆ ಉಬ್ಬಿಸಿಕೊಳ್ಳುವ ಆ ಮೀನಿಗೆ ಅವರಿಟ್ಟ ಹೆಸರು ‘ಮ್ಯಾನೇಜರ್’. ಹೋಟೆಲಿನ ಮ್ಯಾನೇಜರೂ ಹೀಗೆಯೇ, ಏನೂ ಕೆಲಸ ಮಾಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಉಬ್ಬುತ್ತಿದ್ದನಂತೆ.

ತೊಟ್ಟಿ ಈಗ ನನ್ನ ಮಿಷನ್ನಿನ ಪಕ್ಕದಲ್ಲಿದೆ. ಬಿಳಿ ಕಲ್ಲು, ಒಂದು ಪ್ಲಾಸ್ಟಿಕ್ ಕೋಟೆ ಬಿಟ್ಟರೆ ಬಟಾಬಯಲು. ನನಗೆ ಹಸಿರು ಬೇಕು ಅನ್ನಿಸಿತು. ಮೀನಿನ ಅಂಗಡಿಯವನು "ಈ ಮೀನಿಗೆ ಅರೆ ಉಪ್ಪಿನ ನೀರು ಬೇಕು ಅಮ್ಮ. ಆ ನೀರಲ್ಲಿ ಗಿಡ ಕೊಳೆತುಹೋಗುತ್ತೆ. ಪ್ಲಾಸ್ಟಿಕ್ ಹಾಕಿ" ಅಂದ. ಆಗ ನೀನು ನೆನಪಾದೆ. ಹೊಳೆ ಹೋಗಿ ಸಮುದ್ರ ಸೇರುವ ಅಳಿವೆಯ ಮಗ್ಗುಲಲ್ಲಿ ಕೂತು, ತೊಟ್ಟಿಗಿಡ ಬೆಳೆಸಿ ಮಾರುವ ತಂಗಿಯನ್ನಿಟ್ಟುಕೊಂಡು ನಾನು ಪ್ಲಾಸ್ಟಿಕ್ ಹಾಕುವುದೇ?

ನೀನು ಬರೆದಂತೆಯೇ ಮಾಡಿದ್ದೇನೆ. ಜರಿಗಿಡದ ಬುಡವನ್ನು ಕಲ್ಲಿನೊಳಗೆ ಹೂಳದೆ, ಒಂದು ಕೊರಡಿಗೆ ಕಂದು ಬಣ್ಣದ ಹೊಲಿಗೆ ದಾರದಲ್ಲಿ ಕಟ್ಟಿದೆ. ಗಂಟು ಕಾಣದ ಹಾಗೆ ಕಟ್ಟಿದ್ದೇನೆ ನೋಡು, ನಾಲ್ಕು ಜನ ಮೆಚ್ಚಬೇಕು. ರಿಬ್ಬನ್ ಹುಲ್ಲನ್ನು ಹಿಂದೆ ಸಾಲಾಗಿ ನೆಟ್ಟೆ. ಮೊಳಕೆಯನ್ನು ಮೂಲೆಯಲ್ಲಿ, ತಲೆ ನೀರಿನಿಂದ ಮೇಲಿರುವಂತೆ ನಿಲ್ಲಿಸಿದೆ. ಉಪ್ಪನ್ನು ಒಂದೇ ಸಲ ಸುರಿಯದೆ ವಾರ ವಾರ ಸ್ವಲ್ಪ ಸ್ವಲ್ಪ ಏರಿಸಿ ಗಿಡಕ್ಕೆ ರೂಢಿ ಮಾಡಿಸಬೇಕು ಎಂದಿದ್ದೀಯ. ನೀರು ಆವಿಯಾಗಿ ಇಳಿದರೆ ಬರೀ ಸಾದಾ ನೀರು ತುಂಬಬೇಕು, ಯಾಕೆಂದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಎಲ್ಲೂ ಹೋಗುವುದಿಲ್ಲ ಎಂದೂ ಕೆಳಗೆ ಗೆರೆ ಎಳೆದು ಬರೆದಿದ್ದೀಯ. ಎಲ್ಲವನ್ನೂ ನಿನ್ನ ಭಾವನಿಗೆ ಓದಿ ಹೇಳಿದೆ. ಉಪ್ಪು ಅಳೆಯುವ ಕಡ್ಡಿ ಅಂತ ಒಂದಿದೆಯಂತೆ, ಅಂಗಡಿಯಿಂದ ತರೋಣವೇ ಎಂದರೆ ಅವರಿಗೆ ಅವಮಾನವಾಗಿಬಿಟ್ಟಿತು.

"ಮೂವತ್ತು ವರ್ಷ ಇನ್ನೂರು ಜನರ ಸೂಪಿಗೆ ಉಪ್ಪು ಹಾಕಿದೋನಿಗೆ ಕಡ್ಡಿ ಬೇಕಾ? ಅಳತೆ ಹಿಡಿಯೋನು ಅಡುಗೆಯವನಲ್ಲ, ಔಷಧಿ ಅಂಗಡಿಯವನು" ಅಂದವರೇ ತೊಟ್ಟಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು. ನಾನು ಥೂ ಅಂದೆ. ಮ್ಯಾನೇಜರ್ ಉಬ್ಬಿದ. ಅಂದಿನಿಂದ ಉಪ್ಪಿನ ಖಾತೆ ಅವರದು, ಎಲೆ ಒರೆಸುವ ಖಾತೆ ನನ್ನದು.

ಇನ್ನು ದೊಡ್ಡ ವಿಷಯ. ನಿನ್ನ ಶೆಡ್ಡಿನ ಮುಂದೆ ನೀನೂ ನಿನ್ನ ಮನೆಯವರೂ ಸೇರಿ ಕಟ್ಟಿಸುತ್ತಿರುವ ಆರು ಮೇಜಿನ ಊಟದ ಮನೆಗೆ ಭಾವನೇ ಅಡುಗೆಯವರಾಗಿ ಬರಬೇಕು, ಮಹಡಿಯ ಕೋಣೆ ನಿಮಗೇ, ಮೇ ತಿಂಗಳಲ್ಲಿ ಬಂದುಬಿಡಿ ಅಂತ ಬರೆದಿದ್ದೀಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ. ನನ್ನ ಮದುವೆಯಾದ ಮೇಲೆ ನಾವು ಒಂದೇ ಬೀದಿಯಲ್ಲಿ ಒಂದು ತಿಂಗಳು ಕೂಡ ಇದ್ದದ್ದಿಲ್ಲ. ಮುದುಕಿಯರಾಗುವ ಹೊತ್ತಿಗಾದರೂ ಒಂದೇ ಜಗುಲಿಯಲ್ಲಿ ಕೂತು ಜಗಳವಾಡೋಣ ಅಂತ ನೀನು ಚಿಕ್ಕಂದಿನಿಂದ ಹೇಳುತ್ತಿದ್ದೆ. ನಿನ್ನ ಭಾವ ಒಂದು ವಾರ ತೊಟ್ಟಿಯ ಮುಂದೆ ಕೂತಿದ್ದು, ಆಮೇಲೆ "ಹೂಂ ಅಂತ ಬರೆ" ಅಂದರು. ಉತ್ತರ ತಡವಾದದ್ದಕ್ಕೆ ಇದೂ ಒಂದು ಕಾರಣ. ಕಿಟಕಿಯ ಅಳತೆ ಕಳಿಸು, ಪರದೆ ಹೊಲಿದಿಡುತ್ತೇನೆ.

ನಗಬೇಡ, ಇನ್ನೊಂದು ಗುಟ್ಟು ಹೇಳುತ್ತೇನೆ. ಹೋಟೆಲು ಬಿಟ್ಟ ಮೇಲೆ ಮನೆಯಲ್ಲಿ ದಿನಾ ಅಡುಗೆ ಅವರದೇ. ಬಡಿಸಿ, ತಾವು ತಿನ್ನದೆ, ನಾನು ಮೊದಲ ತುತ್ತು ಬಾಯಿಗಿಡುವವರೆಗೂ ನನ್ನ ಮುಖವನ್ನೇ ನೋಡುತ್ತಾ ಕೂರುತ್ತಾರೆ. ಕಣ್ಣು ಕೂಡ ಮಿಟುಕಿಸುವುದಿಲ್ಲ. ಹೊಸದಾಗಿ ಮದುವೆಯಾದಾಗಲೂ ಹೀಗೆ ನೋಡಿದವರಲ್ಲ. ಈ ವಯಸ್ಸಿಗೆ ನನಗೆ ನಾಚಿಕೆಯಾಗುತ್ತದೆ ಮಾರಾಯ್ತಿ. ಉಪ್ಪು ಮಾತ್ರ ಒಂದು ಕೈ ಮುಂದಿರುತ್ತದೆ. ಇರಲಿ ಬಿಡು. ಕೆಲಸ ಕಳೆದುಕೊಂಡು ಕೂತ ಮನುಷ್ಯನಿಗೆ ಅದನ್ನು ಹೇಳಿದರೆ ಗಾಯದ ಮೇಲೆ ಉಪ್ಪು ಸವರಿದ ಹಾಗೆ. ನಗುತ್ತಾ ನುಂಗುತ್ತೇನೆ.

ನಿನಗೂ ನಿನ್ನ ಮನೆಯವರಿಗೂ ಒಳ್ಳೆಯದಾಗಲಿ. ಊಟದ ಮನೆಯ ಗೋಡೆ ಬೇಗ ಏಳಲಿ.

ನಿನ್ನ ಅಕ್ಕ

ಬರೆಯಲು ಮರೆತೆ: ಇತ್ತೀಚೆಗೆ ನನಗೆ ವಿಪರೀತ ಬಾಯಾರಿಕೆ. ಸಂಜೆಯಾದರೆ ಪಾದವೂ ಊದುತ್ತದೆ. ಮಿಷನ್ ತುಳಿದು ತುಳಿದು ಇರಬೇಕು.


ಮಾರ್ಚ್ ೧೭

ಪ್ರೀತಿಯ ಕಪ್ಪೆಮರಿ,

ಆಶೀರ್ವಾದ. ಈ ಸಲ ತಡವಾಗಿದ್ದಕ್ಕೆ ಸಮವಸ್ತ್ರದ ನೆಪವಿಲ್ಲ. ನಿನಗೆ ಏನು ಬರೆಯಬೇಕೆಂದು ಗೊತ್ತಾಗಲಿಲ್ಲ, ಅಷ್ಟೇ. ಮಧ್ಯಾಹ್ನ ನಿನ್ನ ಭಾವ ಮಲಗಿದ್ದಾರೆ. ಅವರು ಬರೆಯಬೇಡ ಎಂದಿದ್ದಾರೆ, ನಾನು ಬರೆಯುತ್ತಿದ್ದೇನೆ.

ಮೊದಲು ಗಿಡದ ಸುದ್ದಿ. ರಿಬ್ಬನ್ ಹುಲ್ಲು ಕರಗಿಹೋಯಿತು. ಬಾಡಲಿಲ್ಲ, ಒಣಗಲಿಲ್ಲ, ಹಿಡಿದರೆ ಬೆರಳಿಗೆ ಲೋಳೆಯಾಗಿ ಬಂತು. ಜರಿಗಿಡದ ಎಲೆಗಳಲ್ಲಿ ಮೊದಲು ಕಂದು ಚುಕ್ಕಿ, ಆಮೇಲೆ ಅಂಚಿನಿಂದ ಒಳಕ್ಕೆ ಕಪ್ಪು. ನಾನು ದಿನಾ ಕತ್ತರಿಯಲ್ಲಿ ಕೊಳೆತದ್ದನ್ನು ಕತ್ತರಿಸಿ ತೆಗೆಯುತ್ತಿದ್ದೆ. ಮೂಲೆಯ ಮ್ಯಾಂಗ್ರೋವ್ ಮಾತ್ರ ನಾಲ್ಕು ಎಲೆ ಬಿಟ್ಟು ಗಟ್ಟಿಯಾಗಿ ನಿಂತಿತ್ತು. "ನೋಡು, ಅದು ಚೆನ್ನಾಗಿಲ್ವಾ? ನೀರು ಸರಿಯಾಗೇ ಇದೆ. ನಿನ್ನ ತಂಗಿ ಕಳ್ಸಿದ ಉಳಿದ ಗಿಡಾನೇ ಕಳಪೆ" ಅಂದರು ನಿನ್ನ ಭಾವ. ಪ್ರತಿ ಬೆಳಗ್ಗೆ ಬೆರಳು ಅದ್ದುವುದು, ನೆಕ್ಕುವುದು, "ಸಪ್ಪೆ" ಅನ್ನುವುದು, ಇಳಿದ ನೀರಿನ ಜಾಗಕ್ಕೆ ಒಂದು ತಂಬಿಗೆ ನೀರು ತುಂಬಿ ಜೊತೆಗೆ ಒಂದು ಹಿಡಿ ಉಪ್ಪು ಹಾಕುವುದು. "ಸಾದಾ ನೀರು ಮಾತ್ರ ಅಂತ ಬರೆದಿದಾಳಲ್ರೀ" ಅಂದರೆ, "ಬರೆದೋಳು ಅವಳು, ರುಚಿ ನೋಡೋನು ನಾನು" ಅನ್ನುತ್ತಿದ್ದರು. ತೊಟ್ಟಿಯ ಅಂಚಿನಲ್ಲಿ ಬಿಳಿ ಹೊಪ್ಪಳೆ ಕಟ್ಟತೊಡಗಿತು. ಒಂದು ದಿನ ಮ್ಯಾಂಗ್ರೋವ್ ಎಲೆ ಒರೆಸುವಾಗ ಬಟ್ಟೆಗೆ ಸಣ್ಣ ಹರಳು ಅಂಟಿತು. ನಾಲಿಗೆಗೆ ಇಟ್ಟುಕೊಂಡೆ. ಉಪ್ಪು. ಆ ಗಿಡ ಬೇಡದ ಉಪ್ಪನ್ನು ಎಲೆಯಿಂದ ಹೊರಗೆ ಹಾಕುತ್ತದೆ ಅಂತ ನೀನೇ ಬರೆದಿದ್ದೆ. ಅದಕ್ಕೆ ಆ ವಿದ್ಯೆ ಗೊತ್ತಿತ್ತು, ಬದುಕಿತು.

ನಾನು ಹೇಳದೆ ಕೇಳದೆ ಮೀನಿನ ಅಂಗಡಿಗೆ ಹೋಗಿ ಆ ಕಡ್ಡಿ ತಂದೆ. ಥರ್ಮಾಮೀಟರಿನ ಅಣ್ಣನ ಹಾಗಿದೆ. ನೀರಿಗೆ ಬಿಟ್ಟರೆ ನೆಟ್ಟಗೆ ತೇಲುತ್ತದೆ, ಉಪ್ಪು ಹೆಚ್ಚಿದಷ್ಟೂ ಮೇಲೆದ್ದು ನಿಲ್ಲುತ್ತದೆ. ನೀನು ಹೇಳಿದ ಗೆರೆ ನೀರಿನ ಮಟ್ಟಕ್ಕೆ ಸರಿಯಾಗಿ ಇರಬೇಕಿತ್ತು. ಕಡ್ಡಿ ಆ ಗೆರೆಯನ್ನೂ ದಾಟಿ, ಅದರ ಕೆಳಗಿನದನ್ನೂ ದಾಟಿ ಮೇಲೆದ್ದು, ಕತ್ತು ಉದ್ದ ಮಾಡಿಕೊಂಡು ನಿಂತಿತು. ಅಂಗಡಿಯವನು ಹೇಳಿದ ಪ್ರಕಾರ ಅದು ಹೆಚ್ಚುಕಡಿಮೆ ಸಮುದ್ರದ ನೀರೇ. ನಿನ್ನ ಭಾವ ಬಂದು ಬಹಳ ಹೊತ್ತು ನೋಡಿದರು.

"ಕಡ್ಡಿ ಕೆಟ್ಟಿರಬೇಕು" ಅಂದರು.

ನಾನು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡೆ. ತಂಗೀ, ಬಾಯಿ ಉರಿಯಿತು. ಇಷ್ಟು ಉಪ್ಪನ್ನು ದಿನಾ ನೆಕ್ಕಿ ಸಪ್ಪೆ ಅನ್ನುವ ಮನುಷ್ಯ ನನಗೆ ದಿನಾ ಬಡಿಸುವ ಮನುಷ್ಯನೇ ಅಲ್ಲವೇ ಎಂದು ಆಗ ಹೊಳೆಯಿತು. ಬಾಯಾರಿಕೆ, ಪಾದದ ಊತ, ಎಲ್ಲವೂ ಒಂದೇ ದಾರಕ್ಕೆ ಪೋಣಿಸಿದಂತೆ ಕಂಡವು. ಮಿಷನ್ನಿನ ಮೇಲೆ ಹೊರಿಸಿದ್ದೆನಲ್ಲ, ಪಾಪ ಮಿಷನ್ನು.

ಮಧ್ಯಾಹ್ನ ಊಟಕ್ಕೆ ಕೂತೆವು. ಎಂದಿನಂತೆ ಬಡಿಸಿ ನನ್ನ ಮುಖ ನೋಡುತ್ತಾ ಕೂತರು. ನಾನು ಒಂದು ಚಮಚ ಸೂಪು ಬಾಯಿಗಿಟ್ಟೆ. ಇಷ್ಟು ದಿನ ಹಿಡಿದಿಟ್ಟುಕೊಂಡಿದ್ದ ಮುಖವನ್ನು ಅವತ್ತು ಬಿಟ್ಟುಬಿಟ್ಟೆ. ತಾನಾಗಿ ಕಿವುಚಿಕೊಂಡಿತು.

"ಉಪ್ಪು ಜಾಸ್ತಿ ರೀ" ಅಂದೆ. "ಬಹಳ ಜಾಸ್ತಿ."

ಕೈಯಲ್ಲಿದ್ದ ಸೌಟನ್ನು ಮೆಲ್ಲಗೆ ಕೆಳಗಿಟ್ಟರು. ನಾನು "ಯಾವಾಗಿಂದ ರುಚಿ ಗೊತ್ತಾಗ್ತಿಲ್ಲ?" ಅಂತ ಕೇಳಿದೆ. ಅದೇ ಹೊತ್ತಿಗೆ ಅವರು "ಯಾವಾಗಿಂದ ಸುಮ್ನೆ ತಿಂತಿದ್ದೀಯ?" ಅಂತ ಕೇಳಿದರು.

ಮೊದಲು ಅವರೇ ಹೇಳಿದರು. ಹೋಟೆಲು ಮುಚ್ಚುವುದಕ್ಕೆ ಮುಂಚೆ ಒಂದು ಜ್ವರ ಬಂದಿತ್ತಲ್ಲ, ಅದು ಇಳಿದಾಗ ರುಚಿಯನ್ನೂ ಜೊತೆಗೆ ತೆಗೆದುಕೊಂಡು ಹೋಯಿತು. ವಾಸನೆಯೂ ಅಷ್ಟಕ್ಕಷ್ಟೆ. "ಊರಿಗೆಲ್ಲ ಹೋಟೆಲು ಮುಚ್ಚಿತು ಅಂತ ದುಃಖ. ನನಗೆ ಮಾತ್ರ ಉಸಿರು ಬಂತು. ಇನ್ನೊಂದು ತಿಂಗಳು ನಡೆದಿದ್ರೆ ಗಿರಾಕಿಗಳ ಕೈಲಿ ಸಿಕ್ಕಿಬೀಳ್ತಿದ್ದೆ" ಅಂದರು. ಮತ್ತೆ ಮನೆಯಲ್ಲಿ ಹೇಗೆ ನಿಭಾಯಿಸಿದಿರಿ ಎಂದೆ.

"ನಿನ್ನ ಮುಖ ನೋಡಿ" ಅಂದರು. "ನೀನು ಖುಷಿಯಾಗಿ ನುಂಗ್ತಿದ್ದೆ. ಸರಿ ಇದೆ ಅಂದ್ಕೊಂಡೆ. ಮಾರನೇ ದಿನಾನೂ ಅಷ್ಟೇ ಹಾಕ್ದೆ. ನಿನ್ನ ಮುಖ ನನ್ನ ನಾಲಿಗೆ ಆಗಿತ್ತು ಕಣೇ. ಅದೇ ಸುಳ್ಳು ಹೇಳಿದ್ರೆ ನಾನೇನು ಮಾಡ್ಲಿ?"

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಒಂದಿಷ್ಟೂ ಸಿಟ್ಟಿಲ್ಲದೆ ಹೇಳಿದರು. ನಾನು ನಾಚಿಕೊಂಡು ನಿನಗೆ ಬರೆದಿದ್ದೆನಲ್ಲ, ಮೊದಲ ತುತ್ತಿಗೆ ಮುಖ ನೋಡುತ್ತಾರೆ ಅಂತ, ಆ ಪತ್ರವನ್ನು ದಯವಿಟ್ಟು ಹರಿದು ಹಾಕು. ಅವರು ನೋಡುತ್ತಿದ್ದದ್ದು ಉಪ್ಪನ್ನು.

ಡಾಕ್ಟರ ಹತ್ತಿರ ಹೋಗಿ ಬಂದೆವು. "ಜ್ವರದ ನಂತರ ಕೆಲವರಿಗೆ ಹೀಗಾಗುತ್ತೆ. ವಾಪಸ್ ಬರಬಹುದು, ಬರದೇನೂ ಇರಬಹುದು" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಬರುವಾಗ ದಾರಿಯಲ್ಲಿ ನಿನ್ನ ಭಾವ ಒಂದೇ ಮಾತು ಆಡಿದ್ದು: "ಕೊನೇ ಸಲ ಯಾವುದರ ರುಚಿ ಗೊತ್ತಾಯ್ತು ಅಂತ ನೆನಪೇ ಇಲ್ಲ. ಗೊತ್ತಿದ್ದಿದ್ರೆ ಇನ್ನೊಂದು ತುತ್ತು ನಿಧಾನವಾಗಿ ತಿಂತಿದ್ದೆ."

ಈಗ ನಿನ್ನ ಊಟದ ಮನೆಯ ವಿಷಯ. "ನಿನ್ನ ತಂಗಿಗೆ ಬರೀಬೇಡ. ನಾಲಿಗೆ ಹೋಯ್ತು, ಮರ್ಯಾದೆ ಆದ್ರೂ ಇರಲಿ. ಮೈ ಸರಿಯಿಲ್ಲ, ಬರಕ್ಕಾಗಲ್ಲ ಅಂತ ಬರೆ ಸಾಕು" ಅಂದರು. ಸುಮ್ಮನಿದ್ದು ಉಪಕಾರ ಮಾಡುವುದು ಹೇಗಿರುತ್ತದೆ ಅಂತ ನಾನು ಒಂದು ಸಲ ನೋಡಿಯಾಯಿತು. ಇನ್ನೊಂದು ಸಲ ಮಾಡಲಾರೆ. ನಿನಗೆ ಸುಳ್ಳು ಹೇಳಿ ಬಂದು ಸೇರಿಕೊಂಡರೆ ಮೊದಲ ವಾರವೇ ಗಿರಾಕಿ ತಟ್ಟೆ ತಳ್ಳಿ ಎದ್ದು ಹೋಗುತ್ತಾನೆ. ಬರುವುದಿಲ್ಲ ಅಂತ ಸುಳ್ಳು ಹೇಳಿದರೆ ನನ್ನ ಎದೆ ಒಡೆಯುತ್ತದೆ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ. ನಿನ್ನ ಮನೆಯವರಿಗೂ ತೋರಿಸು. ದುಡಿದು ಕಟ್ಟಿಸುತ್ತಿರುವ ಜಾಗ ಅದು, ಬೇರೆ ಅಡುಗೆಯವರನ್ನು ಹುಡುಕಿಕೊಂಡರೆ ನಾನು ಒಂದು ಮಾತೂ ಆಡುವುದಿಲ್ಲ. ಮಹಡಿಯ ಕಿಟಕಿಗೆ ಹೊಲಿದ ಪರದೆಗಳನ್ನು ಕಳಿಸಿಕೊಡುತ್ತೇನೆ, ಯಾರು ಬಂದರೂ ಕಿಟಕಿಗೆ ಬಿಸಿಲು ಬಂದೇ ಬರುತ್ತದೆ.

ಕೊರಡಿನ ಮೇಲೆ ಜರಿಗಿಡದ ಬುಡ ಮಾತ್ರ ಉಳಿದಿದೆ. ಎಸೆಯಲೇ, ಇಟ್ಟುಕೊಳ್ಳಲೇ? ನೀರಿನ ಉಪ್ಪು ಇಳಿಸುವುದು ಹೇಗೆ? ಬೇಗ ಬರೆ.

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ

ಮತ್ತೆ: ಅವರು ಎದ್ದರು. ಏನು ಬರೆಯುತ್ತಿದ್ದೀಯ ಎಂದು ಕೇಳಿದರು. ಹೇಳಿದೆ. ಅರ್ಧ ಗಂಟೆ ಬಿಟ್ಟು ತಾವೇ ಅಂಟು ತಂದುಕೊಟ್ಟರು, ಲಕೋಟೆ ಅಂಟಿಸಲು.


ಏಪ್ರಿಲ್ ೨೧

ಪ್ರೀತಿಯ ಕಪ್ಪೆಮರಿ,

ನಿನಗೂ ನಿನ್ನವರಿಗೂ ಮನಸಾರೆ ಆಶೀರ್ವಾದ. ನಿನ್ನ ಮನೆಯವರು ಬಂದು ಹೋದ ಮೇಲೆ ಬರೆಯೋಣ ಅಂತ ಕಾದೆ, ಬಂದು ಹೋದ ಮೇಲೆ ಸಾಮಾನು ಕಟ್ಟುವುದರಲ್ಲಿ ಮುಳುಗಿದೆ. ಅವರು ಅಲ್ಲಿ ಬಂದು ಎಷ್ಟು ಹೇಳಿದರೋ ಗೊತ್ತಿಲ್ಲ. ಗಂಡಸರು ಊಟದ ಬಗ್ಗೆ ಹೇಳುವುದು "ಆಯ್ತು" ಅಂತ ಒಂದೇ ಮಾತು. ನಾನು ವಿವರವಾಗಿ ಹೇಳುತ್ತೇನೆ.

ನಿನ್ನ ಉತ್ತರ ಬಂದ ದಿನವೇ ತೊಟ್ಟಿಯ ಚಿಕಿತ್ಸೆ ಶುರುವಾಯಿತು. ಉಪ್ಪು ಏರಿಸುವುದಕ್ಕಿಂತ ಇಳಿಸುವುದಕ್ಕೆ ತಾಳ್ಮೆ ಹೆಚ್ಚು ಬೇಕು, ಒಂದೇ ಸಲ ನೀರು ಬದಲಿಸಿದರೆ ಮೀನೂ ಉಳಿಯುವುದಿಲ್ಲ, ಗಿಡವೂ ಉಳಿಯುವುದಿಲ್ಲ ಎಂದು ನೀನು ಬರೆದಿದ್ದೆ. ಆದ್ದರಿಂದ ಒಂದು ದಿನ ಬಿಟ್ಟು ಒಂದು ದಿನ ಒಂದು ತಂಬಿಗೆ ತೆಗೆಯುವುದು, ಒಂದು ತಂಬಿಗೆ ಸಾದಾ ನೀರು ಹಾಕುವುದು, ಕಡ್ಡಿ ಬಿಟ್ಟು ನೋಡುವುದು. ಇದನ್ನೆಲ್ಲ ಮಾಡಿದವರು ನಿನ್ನ ಭಾವನೇ. ಬೆರಳು ಅದ್ದುವುದನ್ನು ಬಿಟ್ಟರು. ಕಡ್ಡಿಯ ಮುಂದೆ ಬಗ್ಗಿ ಒಂದು ಕಣ್ಣು ಮುಚ್ಚಿ ಗೆರೆ ಓದುವಾಗ ಥೇಟ್ ಔಷಧಿ ಅಂಗಡಿಯವನೇ. ಹಾಗೆ ಅಂದೆ. "ಜಟ್ಟಿ ಬಿದ್ದಿದಾನೆ, ಮೀಸೆ ಮಣ್ಣಾಗಿಲ್ಲ, ಸುಮ್ನಿರು" ಅಂದರು.

ಅಡುಗೆಯ ಗಂಟು ಬಿಚ್ಚಿದ್ದು ಆಕಸ್ಮಿಕವಾಗಿ. ನಿನ್ನ ಮನೆಯವರು ಬರೆದಿದ್ದರಲ್ಲ, "ಷಡ್ಡಕ ಅನ್ನೋದು ನಮ್ಮ ನಮ್ಮಲ್ಲಿ. ಗಿರಾಕಿಯ ನಾಲಿಗೆಗೆ ನೆಂಟಸ್ತನ ಗೊತ್ತಿಲ್ಲ. ಪಾತ್ರೆ ಕೊಳ್ಳಲು ಬರ್ತೀನಿ, ಒಂದು ಊಟ ಹಾಕಿ, ನೋಡೋಣ" ಅಂತ. ಓದಿ ನಿನ್ನ ಭಾವನ ಮುಖ ಇಳಿಯಿತು, ಆದರೆ "ಸರಿಯಾಗೇ ಹೇಳಿದಾನೆ" ಅಂದರು. ಅಂದಿನಿಂದ ನಾನು ಅವರು ಅಡುಗೆ ಮಾಡುವಾಗ ಪಕ್ಕದಲ್ಲೇ ನಿಂತು ನೋಡತೊಡಗಿದೆ. ಇಷ್ಟು ವರ್ಷ ನೋಡಿರಲಿಲ್ಲ. ಪಾತ್ರೆ ನೋಡುತ್ತಾರೆ, ಉಪ್ಪಿನ ಡಬ್ಬಿಗೆ ಕೈ ಹಾಕುತ್ತಾರೆ, ಒಂದು ಹಿಡಿ ಉಪ್ಪು ಹಾಕುತ್ತಾರೆ. ಆಮೇಲೆ, ರುಚಿ ತಿಳಿಯುವುದಿಲ್ಲ ಅಂತ ಗೊತ್ತಿದ್ದೂ, ಹಳೇ ಅಭ್ಯಾಸಕ್ಕೆ ಸೌಟಿನಲ್ಲಿ ತೆಗೆದು ರುಚಿ ನೋಡುತ್ತಾರೆ. ಹುಬ್ಬು ಗಂಟಿಕ್ಕುತ್ತಾರೆ. ಇನ್ನೊಂದು ಹಿಡಿ ಹಾಕುತ್ತಾರೆ.

ನನಗೆ ಅನುಮಾನ ಬಂತು. ಮೊದಲ ಹಿಡಿ ಬಿದ್ದ ಮೇಲೆ, ಎರಡನೆಯದಕ್ಕೆ ಮುಂಚೆ, ನಾನೊಂದು ಚಮಚ ತೆಗೆದು ಬಾಯಿಗಿಟ್ಟೆ. ತಂಗೀ, ಹದ ಅಂದರೆ ಹದ. ಕೂದಲೆಳೆ ಆಚೆ ಇಲ್ಲ, ಈಚೆ ಇಲ್ಲ.

"ರೀ, ಕೈ ತಡೀರಿ" ಅಂದೆ. "ಎರಡನೇ ಹಿಡಿ ಯಾಕೆ?"

"ನಾಲಿಗೆ ಸಪ್ಪೆ ಅಂತಿದೆ."

"ನಾಲಿಗೆ ಮಾತು ಕೇಳಬೇಡಿ. ಕೈ ಸರಿಯಾಗೇ ಹಾಕಿದೆ."

ಅವರು ನಂಬಲಿಲ್ಲ. ಪಕ್ಕದ ಅಂಗಡಿಯಿಂದ ಚಿಕ್ಕ ತಕ್ಕಡಿ ತಂದೆ. ಅದೇ ಪಾತ್ರೆಗೆ ಎಷ್ಟು ಉಪ್ಪು, ಕೈಯಲ್ಲಿ ತೆಗೆಯಿರಿ ಎಂದೆ. ತೂಗಿದೆವು. ಮತ್ತೆ ತೆಗೆಯಿರಿ ಎಂದೆ. ಎಷ್ಟು ಸಲ ತೆಗೆದರೂ ಅದೇ ತೂಕ. ದೊಡ್ಡ ಪಾತ್ರೆ ಇಟ್ಟರೆ ಕೈ ತಾನಾಗಿ ದೊಡ್ಡದಾಗಿ ಮುಚ್ಚುತ್ತದೆ. ಮೂವತ್ತು ವರ್ಷದ ಕೈ ಅದು, ಅದಕ್ಕೆ ಯಾವ ಜ್ವರವೂ ಬಂದಿರಲಿಲ್ಲ. ತೊಟ್ಟಿಯಲ್ಲಿ ಆದದ್ದೂ ಇದೇ ಅಲ್ಲವೇ? ಮೊದಲು ಹಾಕಿದ ಉಪ್ಪು ಸರಿಯಾಗಿಯೇ ಇತ್ತು. ಆಮೇ‌ಲೆ ದಿನಾ ನೆಕ್ಕಿ ನೆಕ್ಕಿ ಸೇರಿಸಿದ್ದೇ ಗಿಡ ತಿಂದಿತು.

ಅವರು ತಕ್ಕಡಿಯ ಮುಂದೆ ಕೂತು ತಮ್ಮ ಅಂಗೈಯನ್ನೇ ನೋಡಿಕೊಂಡರು. ನಾನು ಆ ಕೈ ಹಿಡಿದುಕೊಂಡೆ. ಉಪ್ಪು ಉಪ್ಪಾಗಿತ್ತು.

ನಿನ್ನ ಮನೆಯವರು ಬಂದ ದಿನ ಅವರು ಒಂದು ಚಮಚವನ್ನೂ ಬಾಯಿಗಿಡಲಿಲ್ಲ. ಬಟಾಣಿ ಸೂಪು, ಹುರಿದ ಮೀನು, ಬೆಣ್ಣೆ ಹಾಕಿದ ಆಲೂಗಡ್ಡೆ. ಮ್ಯಾನೇಜರಿನ ಎದುರು ಮೀನು ತಿನ್ನುವುದು ಸರಿಯಲ್ಲ ಅಂತ ತೊಟ್ಟಿಗೆ ಒಂದು ಹಳೆ ಲಂಗದ ಬಟ್ಟೆ ಹೊದಿಸಿದೆ. ನಿನ್ನ ಮನೆಯವರು ತಲೆ ಎತ್ತದೆ ತಿಂದರು. ಸೂಪು ಮತ್ತೆ ಹಾಕಿಸಿಕೊಂಡರು. ನಿನ್ನ ಭಾವ ಗೋಡೆಗೆ ಒರಗಿ ನಿಂತು, ಸೌಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಹಾಗೆ ಕಾಣುತ್ತಿದ್ದರು.

ನಿನ್ನ ಮನೆಯವರು ಬಾಯಿ ಒರೆಸಿಕೊಂಡು ಹೇಳಿದರು: "ಹೋಟೆಲು ನಡೆಸೋನಿಗೆ ಬೇಕಾದ್ದು ಇವತ್ತಿನ ಊಟ ನಾಳೆನೂ ಹೀಗೇ ಇರೋದು. ರುಚಿ ನೋಡಿ ನೋಡಿ ದಿನಕ್ಕೊಂದು ಥರ ಮಾಡೋ ಅಡುಗೆಯವರನ್ನ ಬೇಕಾದಷ್ಟು ನೋಡಿದೀನಿ. ನೀವು ಅಳತೆಯಲ್ಲೇ ಮಾಡಿ. ಕೊನೆಗೆ ಒಂದು ಚಮಚ ನಿಮ್ಮ ನಾದಿನಿ ಬಾಯಿಗೆ ಹಾಕಿ, ಅವಳ ನಾಲಿಗೆ ಹೇಗೂ ಬಿಡುವಿಲ್ಲದೆ ಕೆಲಸ ಮಾಡುತ್ತೆ."

ಬೇಜಾರು ಮಾಡಿಕೊಳ್ಳಬೇಡ, ನಾನೂ ನಕ್ಕೆ. ನಿನ್ನ ಭಾವ ನಗಲಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಬಹಳ ಹೊತ್ತು ಮುಖ ತೊಳೆದುಕೊಂಡರು.

ಹಾಗಾಗಿ ಮೇ ಮೊದಲ ವಾರ ಬರುತ್ತಿದ್ದೇವೆ. ಪರದೆಗಳನ್ನು ನಾನೇ ತಂದು ನಾನೇ ಹಾಕುತ್ತೇನೆ. ಹೊಲಿಗೆ ಮಿಷನ್ ಲಾರಿಯಲ್ಲಿ, ಮ್ಯಾನೇಜರ್ ಮುಚ್ಚಳದ ಬಕೆಟ್ಟಿನಲ್ಲಿ ನನ್ನ ಕಾಲ ಹತ್ತಿರ. ಅವನಿಗೆ ಊರು ಬದಲಾಗುವುದು ಗೊತ್ತಾಗದ ಹಾಗೆ ಇದೇ ತೊಟ್ಟಿಯ ನೀರನ್ನು ಡಬ್ಬಗಳಲ್ಲಿ ತುಂಬಿ ತರುತ್ತೇವೆ. ಹೋಗುವುದು ಅಳಿವೆಯ ಪಕ್ಕಕ್ಕೆ, ಹೊತ್ತುಕೊಂಡು ಹೋಗುವುದು ಉಪ್ಪುನೀರು! ದಾರಿಯಲ್ಲಿ ಯಾರಾದರೂ ಕೇಳಿದರೆ ನಾನು ನಿನ್ನ ಹೆಸರು ಹೇಳುತ್ತೇನೆ.

ಗಿಡದ ಸುದ್ದಿ ಹೇಳದೆ ಮುಗಿಸಿದರೆ ನೀನು ಬಿಡುವುದಿಲ್ಲ. ಬುಡ ಎಸೆಯಬೇಡ, ಕಪ್ಪಾದ ಎಲೆಯನ್ನೂ ಒಂದೆರಡು ಹಾಗೇ ಬಿಡು ಎಂದಿದ್ದೆಯಲ್ಲ, ಬಿಟ್ಟೆ. ಹೋದ ವಾರ ಸತ್ತುಹೋದ ಒಂದು ಎಲೆಯ ತುದಿಯಲ್ಲಿ ಉಗುರಿನಷ್ಟು ಹಸಿರು ಮರಿ ಮೂಡಿತು, ಅದಕ್ಕೆ ಕೂದಲಿನಂಥ ಬೇರು ಬೇರೆ. ನಿನ್ನೆಗೆ ಬುಡದಿಂದಲೂ ಒಂದು ಎಲೆ ಸುರುಳಿ ಬಿಚ್ಚಿದೆ. ಹಳೆಯ ಎಲೆಗಿಂತ ಚಿಕ್ಕದು, ಸ್ವಲ್ಪ ದಪ್ಪ. ಈ ನೀರಿನಲ್ಲೇ ಹುಟ್ಟಿದ್ದು, ಈ ನೀರಿಗೆ ಹೆದರುವುದಿಲ್ಲ ಅನ್ನಿಸುತ್ತದೆ. ಬಂದಾಗ ನೀನೇ ನೋಡಿ ಹೇಳು.

ಊಟದ ಮನೆ ತುಂಬಿರಲಿ, ನಿನ್ನ ಗಿಡಗಳು ದಟ್ಟವಾಗಲಿ, ನಿಮ್ಮಿಬ್ಬರ ಮೈಯಲ್ಲಿ ಶಕ್ತಿ ಇರಲಿ. ಜಗುಲಿಯಲ್ಲಿ ನನಗೊಂದು ಜಾಗ ಇಟ್ಟಿರು.

ನಿನ್ನ ಅಕ್ಕ

ಮತ್ತೆ: ಹೇಳಬಾರದು ಅಂದುಕೊಂಡಿದ್ದೆ. ನಿನ್ನ ಭಾವ ಈಗ ಅಳತೆ ಚಮಚಗಳ ಒಂದು ಗೊಂಚಲು ಕೊಂಡಿದ್ದಾರೆ, ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಊಟ ಬಹಳ ಹದವಾಗಿರುತ್ತದೆ, ನನ್ನ ಪಾದದ ಊತವೂ ಇಳಿದಿದೆ. ಬಡಿಸಿದ ತಕ್ಷಣ ತಲೆ ಬಗ್ಗಿಸಿ ತಮ್ಮ ತಟ್ಟೆಯದನ್ನು ತಿಂದು ಎದ್ದು ಹೋಗುತ್ತಾರೆ. ಮೊದಲ ತುತ್ತಿಗೆ ನನ್ನ ಮುಖ ನೋಡುವುದಿಲ್ಲ. ಯಾಕೆ ನೋಡಬೇಕು, ಉಪ್ಪು ಸರಿಯಿದೆ ಅಂತ ಅವರಿಗೆ ಗೊತ್ತು. ಆದರೂ ತುತ್ತು ಕೈಯಲ್ಲಿ ಹಿಡಿದು ನಾನು ದಿನಾ ಒಂದು ಗಳಿಗೆ ಕಾಯುತ್ತೇನೆ ಕಣೇ. ಉಪ್ಪಿಗಾಗಿಯೇ ಆಗಲಿ, ನೋಡುತ್ತಿದ್ದರಲ್ಲ. ಫೆಬ್ರವರಿಯ ಆ ಪತ್ರವನ್ನು ಹರಿದಿರದಿದ್ದರೆ ಇಟ್ಟುಕೊಂಡಿರು.